ನಾಲ್ಕನೇ ನಂಬರಿನ ಆಟಗಾರನನ್ನು ಪೆನ್ಸಿಲ್ ಹಿಡಿದು ನೋಡಿದ್ದು

ಬೇಸ್‌ಬಾಲ್ ಸ್ಕೋರ್‌ಬುಕ್ ತುಂಬುವುದನ್ನು ನಾನು ಕಲಿತಿದ್ದು 2020ರಲ್ಲಿ, ಹಿರೋಷಿಮಾದಲ್ಲಿ. ಕಲಿತಿದ್ದು ಒಬ್ಬ ಆಟಗಾರನನ್ನು ಸರಿಯಾಗಿ ನೋಡಬೇಕು ಅಂತ. ಅವರು ಕಿಕುಚಿ ರ್ಯೋಸುಕೆ. ಹಿರೋಷಿಮಾ ಟೊಯೊ ಕಾರ್ಪ್ ತಂಡದ ಸೆಕೆಂಡ್ ಬೇಸ್‌ಮನ್, ಅಂದರೆ ಓಟಗಾರ ಸುತ್ತಿ ಬರಬೇಕಾದ ಠಾಣೆಗಳಲ್ಲಿ (ಬೇಸ್) ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಕಾಯುವ ಫೀಲ್ಡರ್. ಜೆರ್ಸಿ ನಂಬರ್ 33.

ಹೋಮ್‌ರನ್ ನೋಡಲು ಪುಸ್ತಕ ಬೇಡ. ಚೆಂಡು ಮೇಲೆ ಹೋಗುತ್ತದೆ, ಜನ ಎದ್ದು ನಿಲ್ಲುತ್ತಾರೆ, ಆಟ ಗೊತ್ತಿಲ್ಲದವರಿಗೂ ಅರ್ಥವಾಗುತ್ತದೆ. ಬೇಸ್‌ಗಳ ಸುತ್ತ ನಿಲ್ಲುವ ಇನ್‌ಫೀಲ್ಡರ್‌ನ ಕೆಲಸ ಹಾಗಲ್ಲ. ಬ್ಯಾಟಿಗೆ ತಾಗಿದ ಚೆಂಡು ಫಸ್ಟ್ ಬೇಸ್ ಸೇರುವ ತನಕ ನಾಲ್ಕೇ ಸೆಕೆಂಡು. ಅಷ್ಟರಲ್ಲಿ ಒಬ್ಬರು ಓಡಿ, ಬಾಗಿ, ಹಿಡಿದು, ತಿರುಗಿ, ಎಸೆದಾಗಿರುತ್ತದೆ. ಎಷ್ಟು ಚೆನ್ನಾಗಿ ಮಾಡುತ್ತಾರೋ ಅಷ್ಟು ಸುಲಭವಾಗಿ ಕಾಣುತ್ತದೆ. ನೋಡುವವರ ಕಣ್ಣು ಆಗಲೇ ಮುಂದಿನ ಬ್ಯಾಟರ್ ಕಡೆ ತಿರುಗಿರುತ್ತದೆ.

ನಾನು ಕೆಲಸದ ಮೇಲೆ ಹಿರೋಷಿಮಾಕ್ಕೆ ಬಂದಾಗ ನನಗೆ ಗೊತ್ತಿದ್ದ ಆಟ ಕ್ರಿಕೆಟ್ ಒಂದೇ. ಆದರೆ ಈ ಊರಲ್ಲಿ ಕಾರ್ಪ್ ತಂಡವನ್ನು ಬಿಟ್ಟು ಬದುಕುವುದು ಕಷ್ಟ. ಟ್ರಾಮ್‌ನಲ್ಲಿ, ಅಂಗಡಿಯಲ್ಲಿ, ಆಫೀಸಿನ ಕ್ಯಾಲೆಂಡರ್‌ನಲ್ಲಿ, ಎಲ್ಲೆಲ್ಲೂ ಕೆಂಪು. ಅಣುಬಾಂಬ್ ಬಿದ್ದು ಐದು ವರ್ಷ ತುಂಬುವ ಮೊದಲೇ, 1950ರಲ್ಲಿ, ಈ ಊರಿನ ತಂಡ ವೃತ್ತಿಪರ ಲೀಗ್‌ನಲ್ಲಿ ಆಡಲು ಶುರು ಮಾಡಿತು. ಮರುವರ್ಷವೇ ದುಡ್ಡಿಲ್ಲದೆ ಮುಚ್ಚುವ ಸ್ಥಿತಿ ಬಂತು. ಆಗ ಮೈದಾನದ ಮುಂದೆ ಮರದ ಪೀಪಾಯಿ ಇಟ್ಟರು. ಜನ ಕೈಗೆ ಬಂದ ಚಿಲ್ಲರೆಯನ್ನೆಲ್ಲ ಅದಕ್ಕೆ ಹಾಕಿ ತಂಡವನ್ನು ಉಳಿಸಿಕೊಂಡರು. ಮೊದಲ ಸಲ ಲೀಗ್ ಗೆದ್ದದ್ದು 1975ರಲ್ಲಿ. 1991ರಲ್ಲಿ ಗೆದ್ದ ಮೇಲೆ ಮತ್ತೆ ಗೆಲ್ಲಲು 25 ವರ್ಷ ಬೇಕಾಯಿತು. ಆ ಗೆಲುವು ಬಂದ 2016ರಲ್ಲಿ ನಾನು ಇಲ್ಲೇ ಇದ್ದೆ. ಸೆಪ್ಟೆಂಬರ್ 10ರ ರಾತ್ರಿ ಟೋಕಿಯೋ ಡೋಮ್‌ನಲ್ಲಿ ಜೈಂಟ್ಸ್ ತಂಡವನ್ನು ಸೋಲಿಸಿ ಲೀಗ್ ಗೆದ್ದಾಗ ವಯಸ್ಸಾದವರು ಬೀದಿಯಲ್ಲಿ ನಿಂತು ಅಳುತ್ತಿದ್ದರು. ನಾನೂ ಅತ್ತೆ. ಯಾಕೆ ಅಂತ ಆಗ ಪೂರ್ತಿ ಗೊತ್ತಿರಲಿಲ್ಲ.

ಎಲ್ಲರೂ ತಂಡದ ಹಿರಿಯ ಆಟಗಾರರಾದ ಕುರೊದಾ ಹಿರೊಕಿ ಬಗ್ಗೆ, ಅರಾಯಿ ತಕಾಹಿರೊ ಬಗ್ಗೆ ಮಾತಾಡುತ್ತಿದ್ದರು. ಇಬ್ಬರೂ ಊರು ಬಿಟ್ಟು ಹೋಗಿ ವಯಸ್ಸಾದ ಮೇಲೆ ಮರಳಿ ಬಂದವರು. ಅವರ ಕಥೆ ಮನಸ್ಸು ಹಿಡಿಯುವುದು ಸಹಜ. ನನ್ನ ಕಣ್ಣು ಮಾತ್ರ ಎರಡನೇ ಬೇಸ್ ಹತ್ತಿರ ನಿಲ್ಲುತ್ತಿದ್ದ ಗಿಡ್ಡ ಆಳಿನ ಮೇಲೆ ನೆಟ್ಟಿತು. 'ಹತ್ತಿರ' ಅನ್ನುವುದೂ ಸರಿಯಲ್ಲ. ಕಾರ್ಪ್‌ನ ತವರು ಮೈದಾನ ಮಾಜ್ದಾ ಸ್ಟೇಡಿಯಂನಲ್ಲಿ ಬೇಸ್‌ಗಳ ಸುತ್ತ ಕಂದು ಮಣ್ಣು, ಅದರ ಹಿಂದೆ ಔಟ್‌ಫೀಲ್ಡ್‌ನ ಹಸಿರು ಹುಲ್ಲು. ಬೇರೆ ತಂಡದ ಸೆಕೆಂಡ್ ಬೇಸ್‌ಮನ್ ಮಣ್ಣಿನ ಮೇಲೆ ನಿಲ್ಲುತ್ತಾರೆ. ಕಿಕುಚಿ ಮಣ್ಣು ಮುಗಿದು ಹುಲ್ಲು ಶುರುವಾಗುವ ಅಂಚಿಗೆ ಹೋಗಿ ನಿಲ್ಲುತ್ತಿದ್ದರು. ಕೆಲವು ಬ್ಯಾಟರ್‌ಗಳಿಗೆ ಹುಲ್ಲಿನ ಒಳಗೇ.

ಅಷ್ಟು ಹಿಂದೆ ನಿಂತರೆ ಏನು ಲಾಭ ಅಂದರೆ, ಚೆಂಡು ನಿಮ್ಮ ಹತ್ತಿರ ಬರಲು ಒಂದು ಗಳಿಗೆ ಜಾಸ್ತಿ ಹಿಡಿಯುತ್ತದೆ. ಆ ಗಳಿಗೆಯಲ್ಲಿ ಎಡಕ್ಕೆ ಬಲಕ್ಕೆ ಇನ್ನೂ ಎರಡು ಹೆಜ್ಜೆ ಓಡಬಹುದು. ಬ್ಯಾಟರ್‌ಗೆ ಚೆಂಡು ಎಸೆಯುವ ಪಿಚರ್ ಪಕ್ಕದಿಂದ ನುಗ್ಗಿ ಸೆಂಟರ್‌ಫೀಲ್ಡ್‌ಗೆ ಹೋಗಬೇಕಿದ್ದ ಚೆಂಡನ್ನೂ ತಡೆಯಬಹುದು. ನಷ್ಟ ಏನು ಅಂದರೆ, ಅಲ್ಲಿಂದ ಫಸ್ಟ್ ಬೇಸ್‌ಗೆ ಎಸೆಯುವ ದೂರ ಜಾಸ್ತಿ. ಓಟಗಾರ ಆಗಲೇ ಅರ್ಧ ದಾರಿ ದಾಟಿರುತ್ತಾನೆ. ತೋಳಿನಲ್ಲಿ ಬಲ ಇಲ್ಲದವರು ಅಲ್ಲಿ ನಿಂತರೆ ಚೆಂಡು ಹಿಡಿದೂ ಔಟ್ ಮಾಡಲಾಗುವುದಿಲ್ಲ. ಕಿಕುಚಿ ಕಾಲೇಜಿನಲ್ಲಿ ಶಾರ್ಟ್‌ಸ್ಟಾಪ್, ಅಂದರೆ ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಂತು ದೂರದಿಂದ ಎಸೆಯುವ ಜಾಗದಲ್ಲಿ, ಆಡಿದವರು. ಶಾರ್ಟ್‌ಸ್ಟಾಪ್‌ನ ತೋಳು ಸೆಕೆಂಡ್ ಬೇಸ್‌ಗೆ ಬಂದಿತ್ತು. ಹಾಗಾಗಿ ಅವರಿಗೆ ಅದು ಸಾಧ್ಯವಾಯಿತು.

ನನಗೆ ಇದೆಲ್ಲ ಆಗ ಗೊತ್ತಿರಲಿಲ್ಲ. ಚೆಂಡು ಹೋಯ್ತು ಅಂದುಕೊಳ್ಳುವಷ್ಟರಲ್ಲಿ ಅವರು ಅಲ್ಲಿ ಇರುತ್ತಿದ್ದರು, ಅಷ್ಟೇ. ಅವರನ್ನು ಇಲ್ಲಿ ನಿಂಜಾ ಅಂತ ಕರೆಯುತ್ತಾರೆ. ಹೆಸರು ಚೆನ್ನಾಗಿದೆ. ಆದರೆ ಅದು ಹಾರುವ, ಉರುಳುವ ಆಟವನ್ನು ಮಾತ್ರ ನೆನಪಿಸುತ್ತದೆ. ಹುಲ್ಲಿನ ಅಂಚಿನಲ್ಲಿ ಎಲ್ಲಿ ನಿಲ್ಲಬೇಕು ಅಂತ ಮೊದಲೇ ಲೆಕ್ಕ ಹಾಕುವ ಮನುಷ್ಯನನ್ನು ಅದು ಮರೆಸುತ್ತದೆ.

2020 ಬಂತು. ಕೊರೊನಾದಿಂದ ಸೀಸನ್ ಮುಂದಕ್ಕೆ ಹೋಗಿ ಜೂನ್ 19ಕ್ಕೆ ಶುರುವಾಯಿತು. 143 ಪಂದ್ಯಗಳ ಬದಲು 120. ಮೊದಲ ವಾರಗಳಲ್ಲಿ ಮೈದಾನಕ್ಕೆ ಯಾರನ್ನೂ ಬಿಡಲಿಲ್ಲ. ಮನೆಯಲ್ಲಿ ರೇಡಿಯೋ, ಟಿವಿ ಎರಡೇ ದಾರಿ. ಆಫೀಸಿನ ಹಿರಿಯರೊಬ್ಬರು, ಮಗನ ಶಾಲಾ ತಂಡಕ್ಕೆ ಎಷ್ಟೋ ವರ್ಷ ಸ್ಕೋರ್ ಬರೆದವರು, ಅರ್ಧ ಖಾಲಿ ಇದ್ದ ಒಂದು ಸ್ಕೋರ್‌ಬುಕ್ ಕೊಟ್ಟರು. ಸುಮ್ನೆ ಕೂತು ಕೇಳುವ ಬದಲು ಬರೆದುಕೊಂಡು ಕೇಳಿ, ಕಿಕುಚಿ ಇನ್ನೊಂದು ಥರ ಕಾಣ್ತಾರೆ ಅಂದರು.

ಜಪಾನಿನಲ್ಲಿ ಸ್ಕೋರ್ ಬರೆಯಲು ಎರಡು ಪದ್ಧತಿ ಇವೆ. ಒಂದು ವಾಸೆದಾ, ಇನ್ನೊಂದು ಕೇಯೋ. ಎರಡೂ ಟೋಕಿಯೋದ ವಿಶ್ವವಿದ್ಯಾಲಯಗಳ ಹೆಸರು. ಮೈದಾನದಲ್ಲಿ ಎಷ್ಟು ಹಳೆಯ ಎದುರಾಳಿಗಳೋ ಕಾಗದದ ಮೇಲೂ ಅಷ್ಟೇ. ವೃತ್ತಿಪರ ಲೀಗ್‌ನ ಅಧಿಕೃತ ಸ್ಕೋರರ್‌ಗಳು ಕೇಯೋ ಬಳಸುತ್ತಾರೆ. ಶಾಲೆಗಳಲ್ಲಿ, ಹವ್ಯಾಸಿ ತಂಡಗಳಲ್ಲಿ ವಾಸೆದಾ. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಪುಸ್ತಕಗಳೂ ವಾಸೆದಾದವೇ. ನಾನು ಕಲಿತಿದ್ದೂ ಅದನ್ನೇ.

ಮೊದಲು ನಂಬರ್‌ಗಳನ್ನು ಬಾಯಿಪಾಠ ಮಾಡಬೇಕು. ಪಿಚರ್ 1, ಕ್ಯಾಚರ್ 2, ಫಸ್ಟ್ ಬೇಸ್ 3, ಸೆಕೆಂಡ್ ಬೇಸ್ 4, ಥರ್ಡ್ ಬೇಸ್ 5, ಶಾರ್ಟ್‌ಸ್ಟಾಪ್ 6. ಔಟ್‌ಫೀಲ್ಡ್‌ನಲ್ಲಿ ಎಡದಿಂದ 7, 8, 9. ಇದು ಬೆನ್ನ ಮೇಲಿನ ನಂಬರ್ ಅಲ್ಲ, ನಿಲ್ಲುವ ಜಾಗದ ನಂಬರ್. ಪುಸ್ತಕದಲ್ಲಿ ಕಿಕುಚಿ 33 ಅಲ್ಲ, 4.

ಒಬ್ಬ ಬ್ಯಾಟರ್‌ನ ಒಂದು ಸರದಿಗೆ ಒಂದು ಚೌಕ. ಚೌಕದ ನಡುವೆ ಸಣ್ಣ ವಜ್ರದ ಆಕಾರ. ಕೆಳಗಿನ ಬಲ ಮೂಲೆ ಫಸ್ಟ್ ಬೇಸ್, ಅಲ್ಲಿಂದ ಮೇಲಕ್ಕೆ, ಎಡಕ್ಕೆ, ಮತ್ತೆ ಕೆಳಕ್ಕೆ. ಪಕ್ಕದ ಸಣ್ಣ ಪಟ್ಟಿಯಲ್ಲಿ ಪಿಚರ್ ಎಸೆದ ಪ್ರತಿ ಚೆಂಡಿಗೂ ಒಂದು ಗುರುತು. ಔಟ್ ಆದರೆ ನಡುವೆ ರೋಮನ್ ಅಂಕಿ. ರನ್ ಬಂದರೆ ನಡುವೆ ದುಂಡು ಚುಕ್ಕೆ. ಪಿಚರ್ ಹೊಣೆಯ ರನ್ ಆದರೆ ಚುಕ್ಕೆ ಕಪ್ಪು. ಫೀಲ್ಡರ್ ತಪ್ಪಿನಿಂದ ಬಂದ ರನ್ ಆದರೆ ಒಳಗೆ ಖಾಲಿ. ಒಂಬತ್ತು ಇನಿಂಗ್ಸ್ ಮುಗಿಯುವ ಹೊತ್ತಿಗೆ ಪುಟ ಚುಕ್ಕಿ ರಂಗೋಲಿಯ ಹಾಗೆ ತುಂಬಿರುತ್ತದೆ.

ಸೆಕೆಂಡ್ ಬೇಸ್‌ಮನ್ ನೆಲದ ಚೆಂಡು ಹಿಡಿದು ಫಸ್ಟ್‌ಗೆ ಎಸೆದು ಔಟ್ ಮಾಡಿದರೆ 4-3. ಬರೆಯುವುದು ಇಷ್ಟೇ. ಎಸೆದವರಿಗೆ ಒಂದು ಅಸಿಸ್ಟ್, ಹಿಡಿದವರಿಗೆ ಒಂದು ಪುಟ್‌ಔಟ್. ಶಾರ್ಟ್‌ಸ್ಟಾಪ್ ಹಿಡಿದು ಸೆಕೆಂಡ್‌ಗೆ ಕೊಟ್ಟು, ಅಲ್ಲಿಂದ ಫಸ್ಟ್‌ಗೆ ಹೋಗಿ ಇಬ್ಬರು ಔಟ್ ಆದರೆ 6-4-3. ಆ ವರ್ಷದ ಕಾರ್ಪ್‌ಗೆ ಅದು ತನಾಕಾ ಕೊಸುಕೆ, ಕಿಕುಚಿ, ಆಮೇಲೆ ಫಸ್ಟ್ ಬೇಸ್‌ನಲ್ಲಿ ಹೆಚ್ಚಾಗಿ ಇರುತ್ತಿದ್ದ ಮಾತ್ಸುಯಾಮಾ. ನಡುವಿನವರಿಗೆ ಒಂದೇ ಆಟದಲ್ಲಿ ಪುಟ್‌ಔಟೂ ಉಂಟು, ಅಸಿಸ್ಟೂ ಉಂಟು.

ರೇಡಿಯೋ ಕೇಳಿ ಬರೆಯುವುದು ಟಿವಿಗಿಂತ ಒಳ್ಳೆಯ ಪಾಠ. ಇಲ್ಲಿಯ ಆರ್‌ಸಿಸಿ ರೇಡಿಯೋದಲ್ಲಿ ಕಾರ್ಪ್ ಪಂದ್ಯಗಳ ಕಾಮೆಂಟರಿ ಬರುತ್ತದೆ. ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ. ಫೀಲ್ಡರ್ ಮೊದಲು ಎಲ್ಲಿದ್ದರು ಅಂತ ತೋರಿಸುವುದೇ ಇಲ್ಲ. ರೇಡಿಯೋದವರು ಅದನ್ನು ಹೇಳುತ್ತಾರೆ. ಸೆಕೆಂಡ್ ಆಳವಾಗಿ ನಿಂತಿದ್ದಾರೆ, ಒಂದು ಹೆಜ್ಜೆ ಬೇಸ್ ಕಡೆ ಸರಿದರು, ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ತಾಗಿಸುವ ಬಂಟ್ ಬರಬಹುದು ಅಂತ ಮುಂದೆ ಬಂದರು. ಇಂಥ ಮಾತುಗಳಿಂದಲೇ ನನ್ನ ತಲೆಯಲ್ಲಿ ಮೈದಾನ ಮೂಡಿತು. ಸೆಕೆಂಡ್ ಬೇಸ್‌ಮನ್‌ಗೆ ಎಷ್ಟೊಂದು ಕೆಲಸ ಅಂತಲೂ ಆಗಲೇ ತಿಳಿದದ್ದು. ಎದುರಾಳಿ ಬಂಟ್ ಮಾಡಿದರೆ ಫಸ್ಟ್ ಬೇಸ್‌ಮನ್ ಮುಂದೆ ಓಡುತ್ತಾರೆ, ಖಾಲಿಯಾದ ಫಸ್ಟ್ ಬೇಸ್‌ಗೆ ಇವರು ಓಡಬೇಕು. ಓಟಗಾರ ಬೇಸ್ ಕದಿಯಲು, ಅಂದರೆ ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡಲು, ಹೊರಟರೆ ಸೆಕೆಂಡ್ ಬೇಸ್ ಮೇಲೆ ಇವರೋ ಶಾರ್ಟ್‌ಸ್ಟಾಪೋ ಇರಬೇಕು, ಯಾರು ಅಂತ ಮೊದಲೇ ಸನ್ನೆಯಲ್ಲಿ ಮಾತಾಗಿರಬೇಕು. ರೈಟ್‌ಫೀಲ್ಡ್‌ನ ಮೂಲೆಗೆ ಚೆಂಡು ಹೋದರೆ ನಡುವೆ ನಿಂತು ಅದನ್ನು ಹಿಡಿದು ಒಳಗೆ ದಾಟಿಸಬೇಕು. ಹತ್ತರಲ್ಲಿ ಒಂಬತ್ತು ಸಲ ಇದ್ಯಾವುದಕ್ಕೂ ಪುಸ್ತಕದಲ್ಲಿ ಒಂದು ಗೀಟೂ ಬೀಳುವುದಿಲ್ಲ.

ಕೈ ಪಳಗಿದ ಮೇಲೆ ನಾನು ಹಿಂದಕ್ಕೆ ಹೋದೆ. ಹಳೆಯ ಪಂದ್ಯಗಳ ರೆಕಾರ್ಡಿಂಗ್ ಹಾಕಿ ಬರೆಯತೊಡಗಿದೆ. ಕಿಕುಚಿಯ ವೃತ್ತಿ ಆಗ ನನಗೆ ಒಂದು ಕಥೆಯಾಗಿ ಕಂಡಿತು.

ಅವರು ಹುಟ್ಟಿದ್ದು 1990ರ ಮಾರ್ಚ್ 11ರಂದು, ಟೋಕಿಯೋದ ಹಿಗಾಷಿಯಾಮಾತೊದಲ್ಲಿ. ಹೈಸ್ಕೂಲ್ ಓದಿದ್ದು ದೂರದ ನಾಗಾನೋ ಗುಡ್ಡಗಾಡಿನಲ್ಲಿ. ಕಾಲೇಜು ಗಿಫುವಿನ ಚುಕ್ಯೋ ಗಾಕುಯಿನ್ ವಿಶ್ವವಿದ್ಯಾಲಯ. ಟಿವಿಯಲ್ಲಿ ಇಡೀ ದೇಶ ನೋಡುವ ಕೋಶಿಯೆನ್ ಹೈಸ್ಕೂಲ್ ಟೂರ್ನಿಯಲ್ಲಿ ಹೆಸರು ಮಾಡಿ ಬಂದ ಹುಡುಗನಲ್ಲ. ಟೋಕಿಯೋದ ದೊಡ್ಡ ಕಾಲೇಜು ಲೀಗ್‌ನಿಂದ ಬಂದವರೂ ಅಲ್ಲ. ತಂಡಗಳು ಹೊಸ ಆಟಗಾರರನ್ನು ಆರಿಸುವ 2011ರ ಡ್ರಾಫ್ಟ್‌ನಲ್ಲಿ ಎರಡನೇ ಸುತ್ತಿನಲ್ಲಿ ಕಾರ್ಪ್ ತೆಗೆದುಕೊಂಡಿತು. ಆಗ ತಂಡದ ಸೆಕೆಂಡ್ ಬೇಸ್ ಹಿಗಾಷಿದೆ ಅಕಿಹಿರೊ ಅವರದು. 2012ರಲ್ಲಿ ಹಿಗಾಷಿದೆಗೆ ಗಾಯವಾಯಿತು, ಕಿಕುಚಿಗೆ ಅವಕಾಶ ಸಿಕ್ಕಿತು. ಆಗಿನ ಮ್ಯಾನೇಜರ್ ನೊಮುರಾ ಕೆಂಜಿರೊ ತಾವೇ ಕಾರ್ಪ್‌ನ ದೊಡ್ಡ ಶಾರ್ಟ್‌ಸ್ಟಾಪ್ ಆಗಿದ್ದವರು. ಇನ್‌ಫೀಲ್ಡರ್ ಕಾಲಿನ ಬೆಲೆ ಅವರಿಗೆ ಗೊತ್ತಿತ್ತು ಅಂತ ನನಗನ್ನಿಸುತ್ತದೆ.

2013ರಲ್ಲಿ ಕಿಕುಚಿ ಸೆಕೆಂಡ್ ಬೇಸ್‌ನಿಂದ 528 ಅಸಿಸ್ಟ್ ಮಾಡಿದರು. ಅದಕ್ಕೂ ಮೊದಲಿನ ಜಪಾನ್ ದಾಖಲೆ 2005ರ ಅರಾಕಿ ಮಸಾಹಿರೊ ಅವರದು, 496. ಅರಾಕಿ ಅಂದರೆ ಚುನಿಚಿ ಡ್ರ್ಯಾಗನ್ಸ್ ತಂಡದಲ್ಲಿ ಶಾರ್ಟ್‌ಸ್ಟಾಪ್ ಇಬಾತಾ ಹಿರೊಕಾಜು ಜೊತೆ ಸೇರಿ ಎದುರಾಳಿಗಳ ನೆಲದ ಚೆಂಡುಗಳನ್ನೆಲ್ಲ ನುಂಗುತ್ತಿದ್ದವರು. ಆ ಜೋಡಿಯನ್ನು ಮೀರಿಸುವವರು ಬರುತ್ತಾರೆ ಅಂತ ಯಾರೂ ಅಂದುಕೊಂಡಿರಲಿಲ್ಲ ಎಂದು ನನಗೆ ಪುಸ್ತಕ ಕೊಟ್ಟವರು ಹೇಳುತ್ತಿದ್ದರು. ಕಿಕುಚಿ ಮರುವರ್ಷ ತಮ್ಮ ದಾಖಲೆಯನ್ನೇ ಮುರಿದರು. 2014ರಲ್ಲಿ 535.

ಆ ಸಂಖ್ಯೆಯ ಮುಂದೆ ಸ್ವಲ್ಪ ನಿಲ್ಲಬೇಕು. 2014ರಲ್ಲಿ ಅವರು ತಂಡದ 144 ಪಂದ್ಯಗಳಲ್ಲೂ ಆಡಿದರು. ಅಂದರೆ ಒಂದು ಪಂದ್ಯಕ್ಕೆ ಮೂರೂವರೆಗಿಂತ ಜಾಸ್ತಿ ಅಸಿಸ್ಟ್. ಒಂದು ಪಂದ್ಯದಲ್ಲಿ ಬೇಕಾದ ಔಟ್‌ಗಳೇ 27. ಅದರಲ್ಲಿ ಬ್ಯಾಟರ್ ಚೆಂಡು ಹೊಡೆಯಲಾಗದೆ ಔಟ್ ಆಗುವ ಸ್ಟ್ರೈಕ್‌ಔಟ್ ತೆಗೆಯಿರಿ, ಗಾಳಿಯಲ್ಲಿ ಹೋದ ಕ್ಯಾಚ್ ತೆಗೆಯಿರಿ. ಉಳಿದ ನೆಲದ ಚೆಂಡುಗಳನ್ನು ನಾಲ್ವರು ಇನ್‌ಫೀಲ್ಡರ್‌ಗಳು ಹಂಚಿಕೊಳ್ಳಬೇಕು. ಆ ಪಾಲಿನಲ್ಲಿ ಒಬ್ಬರಿಗೇ ಇಷ್ಟು. ಪಿಚರ್‌ಗಳು ಕೆಳಗೆ ಎಸೆಯುವವರಾದರೆ ನೆಲದ ಚೆಂಡು ಜಾಸ್ತಿ ಬರುತ್ತದೆ ನಿಜ. ಆದರೂ ಅದೇ ಪಿಚರ್‌ಗಳ ಹಿಂದೆ ಬೇರೆಯವರು ನಿಂತಿದ್ದರೆ ಅದರಲ್ಲಿ ಎಷ್ಟೋ ಚೆಂಡು ಔಟ್‌ಫೀಲ್ಡ್‌ಗೆ ಹೋಗಿ ಹಿಟ್, ಅಂದರೆ ಬ್ಯಾಟರ್‌ನನ್ನು ಬೇಸ್ ತಲುಪಿಸುವ ಹೊಡೆತ, ಆಗುತ್ತಿದ್ದವು. ಆ ಹಳೆಯ ಪಂದ್ಯಗಳನ್ನು ಬರೆಯುವಾಗ ನಾನು ಹಿಟ್ ಅಂತ ಪೆನ್ಸಿಲ್ ಎತ್ತಿ, ಆಮೇಲೆ 4-3 ಅಂತ ಬರೆದಿದ್ದೇನೆ. ಫಲಿತಾಂಶ ಗೊತ್ತಿದ್ದ ಪಂದ್ಯದಲ್ಲೂ ಹಾಗಾಗುತ್ತಿತ್ತು.

ಅದೇ ವರ್ಷ ಬ್ಯಾಟಿಂಗ್‌ನಲ್ಲಿ 188 ಹಿಟ್, ಸರಾಸರಿ .325. ಯಾಕುಲ್ಟ್ ತಂಡದ ಸೆಕೆಂಡ್ ಬೇಸ್‌ಮನ್ ಯಾಮಾದಾ ತೆತ್ಸುತೊ 193 ಹಿಟ್ ಮಾಡಿ ಮುಂದೆ ಹೋದರು. ಒಂದೇ ಲೀಗ್‌ನಲ್ಲಿ, ಒಂದೇ ಜಾಗದಲ್ಲಿ, ಒಂದೇ ಕಾಲದಲ್ಲಿ ಇಬ್ಬರು ಇಂಥವರು. ಹೋಮ್‌ರನ್, ಕದ್ದ ಬೇಸ್ ಎರಡರಲ್ಲೂ ಯಾಮಾದಾ ದೊಡ್ಡವರು. ಜಪಾನಿನಲ್ಲಿ ಈ ಇಬ್ಬರಲ್ಲಿ ಯಾರು ಮೇಲು ಅನ್ನುವ ವಾದ ಎಷ್ಟೋ ರಾತ್ರಿ ನಡೆದಿದೆ. ನನ್ನ ಉತ್ತರ ನಿಮಗೆ ಗೊತ್ತೇ ಇದೆ ಅಲ್ವಾ.

2016ರಲ್ಲಿ 181 ಹಿಟ್ ಮಾಡಿ ಕಾರ್ಪ್ ಆಡುವ ಸೆಂಟ್ರಲ್ ಲೀಗ್‌ನಲ್ಲೇ ಅತಿ ಹೆಚ್ಚು ಹಿಟ್ ಮಾಡಿದವರಾದರು. ತನಾಕಾ ಮೊದಲನೇ ಬ್ಯಾಟರ್, ಕಿಕುಚಿ ಎರಡನೇ, ಮಾರು ಯೊಷಿಹಿರೊ ಮೂರನೇ. ಮೂವರೂ ಒಂದೇ ಶಾಲಾ ವರ್ಷದಲ್ಲಿ ಹುಟ್ಟಿದವರು. ಮೂರು ಹೆಸರು ಸೇರಿಸಿ 'ತನಾಕಿಕುಮಾರು' ಅಂತ ಊರೆಲ್ಲ ಕರೆಯಿತು. 2016, 2017, 2018, ಸತತ ಮೂರು ವರ್ಷ ಲೀಗ್ ಗೆದ್ದರು. ಎರಡು ಲೀಗ್‌ಗಳ ತಂಡಗಳ ನಡುವಿನ ಕೊನೆಯ ಸರಣಿ ಜಪಾನ್ ಸೀರೀಸ್ ಮಾತ್ರ ಕೈಗೆ ಸಿಗಲಿಲ್ಲ. ಎರಡನೇ ಬ್ಯಾಟರ್ ಅಂದರೆ ಜಪಾನಿನಲ್ಲಿ ತ್ಯಾಗದ ಜಾಗ. ಮೊದಲನೇ ಬ್ಯಾಟರ್ ಬೇಸ್ ತಲುಪಿದರೆ ಇವರು ಬಂಟ್ ಮಾಡಿ, ತಾವು ಔಟ್ ಆಗಿ, ಅವನನ್ನು ಮುಂದಕ್ಕೆ ತಳ್ಳಬೇಕು. ಸ್ಕೋರ್‌ಬುಕ್‌ನಲ್ಲಿ ತ್ಯಾಗದ ಬಂಟ್‌ಗೆ ಸುತ್ತ ಚೌಕ ಹಾಕುತ್ತೇವೆ. ಹಳೆಯ ಪಂದ್ಯಗಳನ್ನು ಬರೆದ ನನ್ನ ಪುಟಗಳಲ್ಲಿ ಕಿಕುಚಿ ಸಾಲಿನಲ್ಲಿ ಚೌಕಗಳು ತುಂಬ.

ಸ್ಕೋರ್ ಬರೆಯುವುದರಲ್ಲಿ ನಿಜವಾಗಿ ಕಷ್ಟದ್ದು ಎರರ್. ಕ್ರಿಕೆಟ್ ಸ್ಕೋರ್‌ಬುಕ್‌ನಲ್ಲಿ ಬಿಟ್ಟ ಕ್ಯಾಚಿಗೆ ಜಾಗ ಇಲ್ಲ. ಚಿನ್ನಸ್ವಾಮಿಯಲ್ಲಿ ಸ್ಲಿಪ್‌ನವರು ಕ್ಯಾಚ್ ಬಿಟ್ಟರೆ ನಾಳೆಯ ಸ್ಕೋರ್‌ಕಾರ್ಡ್‌ನಲ್ಲಿ ಅದು ಇರುವುದಿಲ್ಲ. ಬೇಸ್‌ಬಾಲ್‌ನಲ್ಲಿ ಹಾಗಲ್ಲ. ರನ್, ಹಿಟ್ ಪಕ್ಕದಲ್ಲೇ ಎರರ್ ಅನ್ನೂ ದೊಡ್ಡ ಬೋರ್ಡ್ ಮೇಲೆ ಹಾಕುತ್ತಾರೆ. ಯಾವುದು ಎರರ್ ಅಂತ ತೀರ್ಮಾನಿಸುವುದು ಅಧಿಕೃತ ಸ್ಕೋರರ್. ನಿಯಮ ಹೇಳುವುದು ಇಷ್ಟು: ಆ ಜಾಗದ ಫೀಲ್ಡರ್ ಸಾಮಾನ್ಯ ಪ್ರಯತ್ನದಿಂದ ಔಟ್ ಮಾಡಬಹುದಿತ್ತಾ? ಮಾಡಬಹುದಿತ್ತು, ಆದರೂ ಬಿಟ್ಟರು ಅಂದರೆ ಎರರ್.

ಇದರಲ್ಲಿ ಒಂದು ಅನ್ಯಾಯ ಅಡಗಿದೆ. ಕಾಲು ನಿಧಾನ ಇದ್ದವರು ಚೆಂಡಿನ ಹತ್ತಿರ ಹೋಗುವುದೇ ಇಲ್ಲ. ಅದು ಹಿಟ್ ಅಂತ ದಾಖಲಾಗುತ್ತದೆ, ಅವರ ಹೆಸರಿಗೆ ಏನೂ ಅಂಟುವುದಿಲ್ಲ. ಬೇಗ ಓಡಿ ಹೋಗಿ ಮುಟ್ಟಿದವರ ಗ್ಲೌವ್‌ನಿಂದ ಚೆಂಡು ಜಾರಿದರೆ, ಎಷ್ಟೋ ಸಲ ಅವರ ಹೆಸರಿಗೇ ತಪ್ಪು. ಇನ್ನೊಂದು ವಿಷಯ ಡಬಲ್ ಪ್ಲೇ. ಮೊದಲ ಔಟ್ ಸಿಕ್ಕಿ, ಎರಡನೆಯದಕ್ಕೆ ಎಸೆದದ್ದು ತಡವಾದರೆ ಎರರ್ ಇಲ್ಲ. ಇಬ್ಬರನ್ನೂ ಔಟ್ ಮಾಡಬಹುದಿತ್ತು ಅಂತ ಸ್ಕೋರರ್ ಊಹಿಸುವ ಹಾಗಿಲ್ಲ. ಹಾಗಾಗಿ ಸೆಕೆಂಡ್ ಬೇಸ್ ಮೇಲೆ ತಿರುಗಿ ಎಸೆಯುವ ವೇಗ, ಕಿಕುಚಿಯ ಅತಿ ದೊಡ್ಡ ಗುಣಗಳಲ್ಲಿ ಒಂದು, ಎರರ್ ಲೆಕ್ಕದಲ್ಲಿ ಕಾಣುವುದೇ ಇಲ್ಲ.

ಎರರ್ ಅಂದಾಗ 2017ರ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ ಸೆಮಿಫೈನಲ್ ಬಿಟ್ಟು ಮುಂದೆ ಹೋಗಲಾರೆ. ಅಮೆರಿಕ ವಿರುದ್ಧ, ಲಾಸ್ ಏಂಜಲಿಸ್‌ನ ಡಾಡ್ಜರ್ ಸ್ಟೇಡಿಯಂನಲ್ಲಿ, ಮಳೆಯಲ್ಲಿ. ನಾಲ್ಕನೇ ಇನಿಂಗ್ಸ್‌ನಲ್ಲಿ ಕ್ರಿಶ್ಚಿಯನ್ ಯೆಲಿಚ್ ಹೊಡೆದ ಬಿರುಸಿನ ನೆಲದ ಚೆಂಡು ಕಿಕುಚಿ ಗ್ಲೌವ್‌ಗೆ ಬಡಿದು ಹಿಂದೆ ಹೋಯಿತು. ಎರರ್. ಅದೇ ಯೆಲಿಚ್ ಆಂಡ್ರ್ಯೂ ಮೆಕ್‌ಕಚನ್ ಹಿಟ್‌ನಿಂದ ರನ್ ತಂದರು. ಜಪಾನಿನ ಪಿಚರ್ ಸುಗಾನೊ ಅವತ್ತು ಅದ್ಭುತವಾಗಿ ಎಸೆಯುತ್ತಿದ್ದರು. ಆರನೇ ಇನಿಂಗ್ಸ್‌ನಲ್ಲಿ ಕಿಕುಚಿ ನೇಟ್ ಜೋನ್ಸ್ ಚೆಂಡನ್ನು ರೈಟ್‌ಫೀಲ್ಡ್ ಬೇಲಿಯಾಚೆ ಹೊಡೆದರು. 1-1. ತಪ್ಪು ಮಾಡಿದವರೇ ತೀರಿಸಿದರು. ಎಂಟನೇ ಇನಿಂಗ್ಸ್‌ನಲ್ಲಿ ಥರ್ಡ್ ಬೇಸ್‌ನ ಮಾತ್ಸುದಾ ನೊಬುಹಿರೊ ಒಂದು ನೆಲದ ಚೆಂಡನ್ನು ಒಂದು ಕ್ಷಣ ತಡಬಡಿಸಿದರು. ಮೂರನೇ ಬೇಸ್‌ನಿಂದ ಬ್ರ್ಯಾಂಡನ್ ಕ್ರಾಫರ್ಡ್ ಓಡಿ ಬಂದರು. 2-1, ಜಪಾನ್ ಸೋತಿತು.

ಆ ಪಂದ್ಯವನ್ನು ನಾನು ರೆಕಾರ್ಡಿಂಗ್ ನೋಡಿ ಬರೆದೆ. ಯೆಲಿಚ್ ಚೌಕದಲ್ಲಿ 4ರ ಪಕ್ಕ 'ಇ' ಬರೆದು, ನಡುವೆ ಖಾಲಿ ಚುಕ್ಕೆ ಹಾಕಿದೆ. ಮನಸ್ಸಿಗೆ ತುಂಬ ನೋವಾಯಿತು. ಬೇರೆಯವರಾಗಿದ್ದರೆ ಆ ಚೆಂಡಿನ ಹತ್ತಿರವಾದರೂ ಹೋಗುತ್ತಿದ್ದರಾ ಅಂತ ರೆಕಾರ್ಡಿಂಗ್ ಮತ್ತೆ ಮತ್ತೆ ಹಾಕಿ ನೋಡಿದೆ. ಒದ್ದೆ ಹುಲ್ಲಿನ ಮೇಲೆ ಚೆಂಡು ಜಾರಿ ವೇಗವಾಗಿ ಬಂದಿತ್ತು. ನಿಯಮದ ಪ್ರಕಾರ ಎರರ್ ಸರಿ. ಪುಸ್ತಕದಲ್ಲಿ ಅದನ್ನು ಬಿಟ್ಟರೆ ಬೇರೆ ಏನೂ ಬರೆಯಲು ಬರುವುದಿಲ್ಲ.

2019ರ ಕೊನೆಯಲ್ಲಿ ಕಿಕುಚಿ ಅಮೆರಿಕಕ್ಕೆ ಹೋಗಲು ಬಯಸಿದರು. ಅದಕ್ಕೆ ಸ್ವಲ್ಪ ಮೊದಲು, ನವೆಂಬರ್‌ನಲ್ಲಿ, ಜಪಾನ್ ಕೊರಿಯಾವನ್ನು ಸೋಲಿಸಿ ಹನ್ನೆರಡು ದೇಶಗಳ ಪ್ರೀಮಿಯರ್ 12 ಟೂರ್ನಿ ಗೆದ್ದಿತ್ತು. ಆ ತಂಡದಲ್ಲೂ ಅವರಿದ್ದರು. ಅಮೆರಿಕದ ತಂಡಗಳು ಹಣ ಕೊಟ್ಟು ಜಪಾನಿನ ಆಟಗಾರನನ್ನು ಪಡೆಯುವ ಪೋಸ್ಟಿಂಗ್ ವ್ಯವಸ್ಥೆಯಲ್ಲಿ ಕಾರ್ಪ್ ಒಪ್ಪಿಗೆ ಕೊಟ್ಟಿತು. ಆದರೆ ಡಿಸೆಂಬರ್ ಮುಗಿಯುವ ಮೊದಲೇ ಅವರು ಅದನ್ನು ಬಿಟ್ಟು ಹಿರೋಷಿಮಾದಲ್ಲೇ ಉಳಿಯಲು ತೀರ್ಮಾನಿಸಿದರು. ಜಪಾನಿನ ಇನ್‌ಫೀಲ್ಡರ್‌ಗಳಿಗೆ ಆ ದಾರಿ ಸುಲಭವಲ್ಲ. ಇಗುಚಿ ತದಾಹಿತೊ 2005ರಲ್ಲಿ ಶಿಕಾಗೊ ವೈಟ್ ಸಾಕ್ಸ್ ಸೆಕೆಂಡ್ ಬೇಸ್‌ಮನ್ ಆಗಿ ವರ್ಲ್ಡ್ ಸೀರೀಸ್ ಗೆದ್ದರು. ಆದರೆ ಅವರಂಥವರು ಕಡಿಮೆ. ಮಾತ್ಸುಯಿ ಕಾಜುವೊ ಶಾರ್ಟ್‌ಸ್ಟಾಪ್ ಆಗಿ ಹೋಗಿ ಸೆಕೆಂಡ್‌ಗೆ ಸರಿಯಬೇಕಾಯಿತು. ನಿಷಿಯೊಕಾ ತ್ಸುಯೊಷಿ 2011ರ ಏಪ್ರಿಲ್‌ನಲ್ಲಿ ಡಬಲ್ ಪ್ಲೇಗೆ ತಿರುಗುವಾಗ ಓಟಗಾರ ಜಾರಿ ಬಂದು ಕಾಲಿಗೆ ಗುದ್ದಿ, ಮೂಳೆ ಮುರಿದುಕೊಂಡರು. ಪಿಚರ್‌ಗಳಿಗೆ, ಔಟ್‌ಫೀಲ್ಡರ್‌ಗಳಿಗೆ ಸಿಗುವ ಬೆಲೆ ಇನ್‌ಫೀಲ್ಡರ್‌ಗೆ ಅಲ್ಲಿ ಸಿಗುತ್ತಿರಲಿಲ್ಲ. ಕಿಕುಚಿ ಗ್ಲೌವ್‌ಗೆ ಬೆಲೆ ಕಟ್ಟಲು ಅಮೆರಿಕದ ತಂಡಗಳಿಗೆ ಗೊತ್ತಾಗಲಿಲ್ಲ ಅಂತ ನಾನು ಇವತ್ತಿಗೂ ಹೇಳುತ್ತೇನೆ.

ಹಾಗೆ ಉಳಿದ ವರ್ಷವೇ 2020. ಜುಲೈ ಮಧ್ಯದ ಹೊತ್ತಿಗೆ ಮೈದಾನಕ್ಕೆ 5,000 ಜನರನ್ನು ಬಿಡಲು ಶುರು ಮಾಡಿದರು. ಕಹಳೆ ಇಲ್ಲ, ಹಾಡು ಇಲ್ಲ, ಕೂಗುವ ಹಾಗಿಲ್ಲ, ಚಪ್ಪಾಳೆ ಮಾತ್ರ. ಪ್ರತಿ ಆಟಗಾರನಿಗೂ ಒಂದು ಹಾಡಿರುವ, ಹಾಡಿಗೆ ತಕ್ಕಂತೆ ಜನ ಎದ್ದು ಕೂರುವ ಕಾರ್ಪ್ ಮೈದಾನ ಅದು. ಎಲ್ಲರೂ ಅದು ಕಳೆದುಹೋಯ್ತು ಅಂತ ಕೊರಗುತ್ತಿದ್ದರು. ನನಗೂ ಬೇಜಾರಿತ್ತು. ಆದರೆ ಆ ಮೌನದಲ್ಲಿ ಆಟದ ಸದ್ದು ಕೇಳಿಸಿತು. ಚೆಂಡು ಗ್ಲೌವ್‌ಗೆ ಬೀಳುವುದು, ಸ್ಪೈಕ್ ಮಣ್ಣು ಕೆದಕುವುದು, ಸೆಕೆಂಡ್ ಮತ್ತು ಶಾರ್ಟ್ ನಡುವಿನ ಕೂಗು. ತೊಡೆ ಮೇಲೆ ಪುಸ್ತಕ ಇಟ್ಟುಕೊಂಡು ಬರೆಯುವಾಗ, ಪ್ರತಿ ಎಸೆತಕ್ಕೂ ಮೊದಲು ಕಿಕುಚಿ ಕಾಲು ಹೇಗೆ ಸಣ್ಣದಾಗಿ ಜಿಗಿಯುತ್ತದೆ ಅಂತ ನೋಡುತ್ತಿದ್ದೆ. ಬ್ಯಾಟಿಗೆ ಚೆಂಡು ತಾಗುವ ಹೊತ್ತಿಗೆ ಎರಡೂ ಕಾಲು ನೆಲ ಮುಟ್ಟಿ, ಯಾವ ಕಡೆಗಾದರೂ ಹೊರಡಲು ತಯಾರಾಗಿರುತ್ತವೆ. ಅವರ ಎಲ್ಲ ಹಾರಾಟ ಅಲ್ಲಿಂದ ಹುಟ್ಟುತ್ತದೆ.

ತಂಡಕ್ಕೆ ಅದು ಒಳ್ಳೆಯ ವರ್ಷ ಅಲ್ಲ. ಆರು ತಂಡಗಳಲ್ಲಿ ಐದನೇ ಸ್ಥಾನ. ಹೊಸ ಪಿಚರ್ ಮೊರಿಷಿತಾ ಮಸಾತೊ ರೂಕಿ ಆಫ್ ದಿ ಇಯರ್ ಆದದ್ದೊಂದು ಸಂತೋಷ. ಆದರೆ ಬೇಸಿಗೆ ದಾಟುತ್ತಿದ್ದಂತೆ ಇನ್ನೊಂದು ವಿಷಯದ ಮಾತು ಶುರುವಾಯಿತು. ಕಿಕುಚಿ ಇನ್ನೂ ಒಂದೂ ಎರರ್ ಮಾಡಿಲ್ಲ. ಸೆಪ್ಟೆಂಬರ್, ಅಕ್ಟೋಬರ್ ಕಳೆಯಿತು. ಪಂದ್ಯ ಬರೆಯುವಾಗ ಸೆಕೆಂಡ್ ಕಡೆ ನೆಲದ ಚೆಂಡು ಹೋದರೆ ನನ್ನ ಪೆನ್ಸಿಲ್ ನಿಲ್ಲುತ್ತಿತ್ತು. ನವೆಂಬರ್‌ನಲ್ಲಿ ಸೀಸನ್ ಮುಗಿದಾಗ ಎರರ್ ಸೊನ್ನೆ. ಒಬ್ಬ ಪೂರ್ಣಕಾಲದ ಸೆಕೆಂಡ್ ಬೇಸ್‌ಮನ್ ಇಡೀ ಸೀಸನ್ ಒಂದೂ ಎರರ್ ಇಲ್ಲದೆ ಮುಗಿಸಿದ್ದು ಜಪಾನಿನ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಅದೇ ಮೊದಲು. ಅದೂ ಮಣ್ಣಿನ ಮೈದಾನವನ್ನು ತವರಾಗಿ ಹೊಂದಿರುವವರು. ಕೃತಕ ಹುಲ್ಲಿನಲ್ಲಿ ಚೆಂಡು ಒಂದೇ ಸಮ ಪುಟಿಯುತ್ತದೆ. ಮಣ್ಣಿನಲ್ಲಿ ಒಂದು ಸಣ್ಣ ಕಲ್ಲು ಸಾಕು, ಮುಖಕ್ಕೆ ಬರುತ್ತದೆ. ಇದಕ್ಕೆ ಮೈದಾನ ನೋಡಿಕೊಳ್ಳುವ ಸಿಬ್ಬಂದಿಗೂ, ಕೆಟ್ಟ ಎಸೆತವನ್ನು ನೆಲದಿಂದ ಬಾಚಿಕೊಂಡ ಫಸ್ಟ್ ಬೇಸ್‌ಮನ್‌ಗೂ ಪಾಲಿದೆ. ಫಸ್ಟ್ ಬೇಸ್‌ಮನ್ ಹಿಡಿದರೆ ಎಸೆದವರ ತಪ್ಪು ಪುಸ್ತಕದಲ್ಲಿ ಉಳಿಯುವುದಿಲ್ಲ.

ಪತ್ರಿಕೆಗಳು ಆ ಸೊನ್ನೆಯನ್ನು ದೊಡ್ಡದಾಗಿ ಹಾಕಿದವು. ನನಗೂ ಹೆಮ್ಮೆ. ಆದರೆ ಎರಡರಲ್ಲಿ ಒಂದನ್ನು ಆರಿಸು ಅಂದರೆ ನಾನು 535 ಅನ್ನೇ ಆರಿಸುತ್ತೇನೆ. ಸೊನ್ನೆ ಅಂದರೆ ಬಂದ ಚೆಂಡನ್ನು ಬಿಡಲಿಲ್ಲ ಅಂತ. 535 ಅಂದರೆ ಬರದಿದ್ದ ಚೆಂಡಿನ ಹತ್ತಿರವೂ ಹೋದರು ಅಂತ. ಇಪ್ಪತ್ತನಾಲ್ಕು ವಯಸ್ಸಿನ ಕಾಲಿಗೆ ಆಗಿದ್ದು ಮೂವತ್ತರ ಕಾಲಿಗೆ ಆಗುವುದಿಲ್ಲ. ಆ ಕಾಲು ಸ್ವಲ್ಪ ಸೋತಾಗ ಅವರು ಕೈಯನ್ನು ಇನ್ನೂ ನಿಖರ ಮಾಡಿಕೊಂಡರು. ಎಲ್ಲಿಂದ ಎಸೆಯಬಾರದು ಅಂತಲೂ ಕಲಿತರು. ಆಗದ ಆಟಕ್ಕೆ ಚೆಂಡನ್ನು ಕೈಯಲ್ಲೇ ಇಟ್ಟುಕೊಳ್ಳುವುದನ್ನು 2020ರಲ್ಲಿ ಎಷ್ಟೋ ಸಲ ಕಂಡೆ. 2014ರ ರೆಕಾರ್ಡಿಂಗ್‌ಗಳಲ್ಲಿ ಅವರು ಅಂಥ ಚೆಂಡನ್ನೂ ಎಸೆಯುತ್ತಿದ್ದರು.

2021ರ ಆಗಸ್ಟ್ 7ರಂದು ಯೊಕೊಹಾಮಾದಲ್ಲಿ ಜಪಾನ್ ಅಮೆರಿಕವನ್ನು 2-0ರಿಂದ ಸೋಲಿಸಿ ಒಲಿಂಪಿಕ್ ಚಿನ್ನ ಗೆದ್ದಿತು. ಸೆಕೆಂಡ್ ಬೇಸ್‌ನಲ್ಲಿ ಕಿಕುಚಿ. ಯಾಮಾದಾ ಬ್ಯಾಟಿಂಗ್‌ಗೆ ಮಾತ್ರ. ಅವರಿಬ್ಬರ ವಾದಕ್ಕೆ ರಾಷ್ಟ್ರೀಯ ತಂಡ ಕೊಟ್ಟ ಉತ್ತರ ಅದು ಅಂತ ನನ್ನ ಲೆಕ್ಕ. 2013ರಿಂದ 2022ರವರೆಗೆ ಸತತ ಹತ್ತು ವರ್ಷ ಸೆಂಟ್ರಲ್ ಲೀಗ್ ಸೆಕೆಂಡ್ ಬೇಸ್‌ನ ಅತ್ಯುತ್ತಮ ಫೀಲ್ಡರ್‌ಗೆ ಕೊಡುವ ಗೋಲ್ಡನ್ ಗ್ಲೌವ್ ಅವರದೇ. 2023ರಲ್ಲಿ ಅದು ಹಾನ್ಷಿನ್ ಟೈಗರ್ಸ್‌ನ ನಾಕಾನೊ ತಕುಮು ಕೈಗೆ ಹೋಯಿತು. ನಾಕಾನೊ ಕೂಡ ಶಾರ್ಟ್‌ಸ್ಟಾಪ್‌ನಿಂದ ಸೆಕೆಂಡ್‌ಗೆ ಬಂದವರು.

ನಾನು ಈಗಲೂ ವಾಸೆದಾ ಪದ್ಧತಿಯಲ್ಲೇ ಬರೆಯುತ್ತೇನೆ. ಒಂದೇ ಒಂದು ಬದಲಾವಣೆ ಮಾಡಿಕೊಂಡಿದ್ದೇನೆ. ಎಡಗೈ ಬ್ಯಾಟರ್ ಬಂದಾಗ ಸೆಕೆಂಡ್ ಬೇಸ್‌ಮನ್ ಎಲ್ಲಿ ನಿಂತರು ಅಂತ ಪುಟದ ಅಂಚಿನಲ್ಲಿ ಸಣ್ಣ ಗುರುತು ಹಾಕುತ್ತೇನೆ. ಮಣ್ಣಿನ ಮೇಲಾದರೆ ಗೀಟು, ಹುಲ್ಲಿನ ಮೇಲಾದರೆ ಅಡ್ಡಗೀಟು. ಅದಕ್ಕೆ ಯಾವ ಪದ್ಧತಿಯಲ್ಲೂ ಜಾಗ ಇಲ್ಲ. ಯಾವ ತಂಡದ ಪಂದ್ಯವಾದರೂ ಹಾಕುತ್ತೇನೆ. ಕಾರ್ಪ್‌ನ ಸಾಲಿನಲ್ಲಿ ಅಡ್ಡಗೀಟು ಜಾಸ್ತಿ.